ಮೊಮ್ಮಗುವಿಗೆ ಮೊದಲ ಗಾಡಿ: ಮಿನಿ ಬೈಕೋ, ಸೈಕಲ್ಲೋ?



ಮೊದಲ ಪರಮಪ್ರಸಾದದ ದಿನ ಹತ್ತಿರ ಬಂದಂತೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಗುವಿಗೆ ಬಿಳಿ ಉಡುಪು ಹೊಲಿಸಿ ಆಯಿತು, ನೆಂಟರಿಗೆ ಹೇಳಿ ಆಯಿತು. ಇನ್ನು ಅಜ್ಜ ಅಜ್ಜಿಯ ಉಡುಗೊರೆ ಏನು? ಮೊನ್ನೆ ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: "ಮಗ ಗಲ್ಫಿನಿಂದ ಹಣ ಕಳಿಸಿದ್ದಾನೆ ಮಾರಾಯ್ರೇ. ಮೊಮ್ಮಗನಿಗೆ ಮಿನಿ ಬೈಕ್ ಬೇಕಂತೆ. ಪೆಟ್ರೋಲಿನದ್ದು, ಸಣ್ಣದು, ಮಕ್ಕಳಿಗೆಂದೇ ಮಾಡಿದ್ದು. ರಸ್ತೆಗೆ ಬಿಡುವುದಿಲ್ಲ, ತೋಟದ ಒಳಗೆ ಮಾತ್ರ. ತೊಂದರೆ ಇಲ್ಲವಲ್ಲ?"

"ಹುಡುಗನಿಗೆ ಎಷ್ಟು ಪ್ರಾಯ?" ಎಂದು ಕೇಳಿದೆ.

"ಒಂಬತ್ತು ನಡೆಯುತ್ತದೆ."

ಅವರಿಗೆ ಅಲ್ಲೇ ನಿಂತು ಪೂರ್ಣ ಉತ್ತರ ಕೊಡಲಾಗಲಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕೃಷಿಕರ ಮನೆಗಳಲ್ಲಿ ಇಂದು ಇದೇ ಪ್ರಶ್ನೆ ಹಲವರದ್ದಾಗಿರುವುದರಿಂದ ಈ ತಿಂಗಳ ಪಾಠವನ್ನು ಇದಕ್ಕೇ ಮೀಸಲಿಡಲಾಗಿದೆ. ಪಾಠದ ಸಾರ ಒಂದೇ ಮಾತು: ಮಗು ತನ್ನ ಸ್ವಂತ ಕಾಲು ಊರಿ, ತನ್ನ ಸ್ವಂತ ಬಲದಿಂದ ನಿಲ್ಲಿಸಬಲ್ಲ ಗಾಡಿಯೇ ಅದರ ಮೊದಲ ಗಾಡಿಯಾಗಬೇಕು.

1. ಮಿನಿ ಬೈಕ್ ಎಂದರೇನು?

1961ರಲ್ಲಿ ಜಪಾನಿನ ಹೋಂಡಾ ಕಂಪನಿಯು ಟೋಕಿಯೋ ಬಳಿಯ ಟಾಮಾ ಟೆಕ್ ಎಂಬ ಮನರಂಜನಾ ಉದ್ಯಾನಕ್ಕಾಗಿ ಸಣ್ಣ ಚಕ್ರದ ಮೋಟಾರ್ ಸೈಕಲೊಂದನ್ನು ತಯಾರಿಸಿತು. ಅದು ಜಾತ್ರೆಯ ತೊಟ್ಟಿಲಿನಂತೆ, ನೋಡಿಕೊಳ್ಳುವವರು ಇರುವಲ್ಲಿ ಆಡುವ ಆಟವಾಗಿತ್ತು. ಮಿನಿ ಬೈಕುಗಳಿಗೆ ಹೆಸರು ಬಂದದ್ದು ಅಂತಹ ಗಾಡಿಗಳಿಂದ. ಈಗ ನಮ್ಮಲ್ಲಿ ಮಾರಾಟವಾಗುವ ಮಕ್ಕಳ ಬೈಕುಗಳಲ್ಲಿ ಹೆಚ್ಚಿನವು 49 ಸಿಸಿಯ ಟೂ ಸ್ಟ್ರೋಕ್ ಎಂಜಿನಿನವು. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಗೇರ್ ಇಲ್ಲ, ಕೈಯ ಕ್ಲಚ್ ಇಲ್ಲ. ಎಕ್ಸಲೇಟರ್ ತಿರುಗಿಸಿದರೆ ಗಾಡಿ ಮುಂದೆ ಹೋಗುತ್ತದೆ.

ಅಪಾಯ ಇರುವುದು ಅಲ್ಲಿಯೇ. ಹೆದರಿದ ಮಗು ಏನು ಮಾಡುತ್ತದೆ? ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೈಕ್ ಫಕ್ಕನೆ ಮುಂದೆ ಹಾರಿದಾಗ ಮೈ ಹಿಂದಕ್ಕೆ ವಾಲುತ್ತದೆ, ಹಿಡಿದ ಮುಂಗೈ ತಾನಾಗಿ ಹಿಂದಕ್ಕೆ ತಿರುಗುತ್ತದೆ, ಎಕ್ಸಲೇಟರ್ ಇನ್ನಷ್ಟು ತೆರೆಯುತ್ತದೆ. ಹೆದರಿಕೆ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ. ಸೈಕಲಿನಲ್ಲಿ ಹಾಗಲ್ಲ. ಹೆದರಿದ ಮಗು ತುಳಿಯುವುದನ್ನು ನಿಲ್ಲಿಸುತ್ತದೆ, ಸಮತಟ್ಟು ನೆಲದಲ್ಲಿ ಗಾಡಿ ತಾನಾಗಿ ನಿಧಾನವಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ನಿಮ್ಮ ಅಡಿಕೆ ಒಣಗಿಸುವ ಅಂಗಳ 15 ಮೀಟರ್ ಉದ್ದವಿದ್ದರೆ ಒಂದೂವರೆ ಸೆಕೆಂಡಿನಲ್ಲಿ ಅಂಗಳ ಮುಗಿಯಿತು. ಹೊಸದಾಗಿ ಸೈಕಲ್ ಕಲಿಯುವ ಮಗುವಿನ ವೇಗ ಗಂಟೆಗೆ 9 ಕಿ.ಮೀ. ಎಂದಿಟ್ಟುಕೊಂಡರೆ ಅದೇ ಅಂಗಳ ದಾಟಲು 6 ಸೆಕೆಂಡು ಸಿಗುತ್ತದೆ. ವೇಗ 4 ಪಾಲು ಹೆಚ್ಚಾದಾಗ ಬಡಿತದ ಶಕ್ತಿ 4 ಪಾಲಲ್ಲ, 16 ಪಾಲು ಹೆಚ್ಚಾಗುತ್ತದೆ. ಇದು ಭೌತಶಾಸ್ತ್ರದ ನಿಯಮ. ಮಗುವಿನ ಅಜ್ಜ ಯಾರೆಂದು ಅದು ಕೇಳುವುದಿಲ್ಲ.

ಪೆಟ್ರೋಲಿನ ಬದಲು ಬ್ಯಾಟರಿಯದ್ದಾದರೆ ಹೊಗೆ ಇಲ್ಲ, ಕಾಲಿಗೆ ಸೈಲೆನ್ಸರ್ ತಾಗಿ ಸುಡುವುದಿಲ್ಲ. ಆದರೆ ಎಕ್ಸಲೇಟರಿನ ಅಪಾಯ ಹಾಗೆಯೇ ಇರುತ್ತದೆ. ಸದ್ದಿಲ್ಲದೆ ಬರುವುದರಿಂದ ಅಂಗಳದಲ್ಲಿ ಆಡುವ ಪುಟ್ಟ ಮಕ್ಕಳಿಗೆ ಅದು ಬಂದದ್ದೂ ತಿಳಿಯದು.

2. "ತೋಟದ ಒಳಗೆ ಮಾತ್ರ" ಎಂಬ ಮಾತು

ನಮ್ಮ ತೋಟಗಳು ಮೈದಾನಗಳಲ್ಲ. ಸಾಲು ಕಂಗುಗಳ ನಡುವೆ ನೀರು ಹರಿಯುವ ಕಣಿ, ತೋಡಿಗೆ ಹಾಕಿದ ಕಾಲುಸಂಕ, ಕಟ್ಟೆಯಿಲ್ಲದ ಹಳೆಯ ಬಾವಿ, ಗುಡ್ಡೆಯ ಬದಿಯಲ್ಲಿ ಕೆಂಪುಕಲ್ಲು ತೆಗೆದುಬಿಟ್ಟ ಕೋರೆ, ನೆಲದಲ್ಲಿ ಸ್ಪ್ರಿಂಕ್ಲರ್ ಪೈಪು: ಇವೆಲ್ಲ ನಮ್ಮ ಕಣ್ಣಿಗೆ ಅಭ್ಯಾಸವಾಗಿ ಹೋಗಿವೆ. ಅವಸರದ ಗಾಡಿಯ ಮೇಲಿರುವ ಮಗುವಿಗೆ ಒಂದೊಂದೂ ಗಂಡಾಂತರವೇ. ಅದಲ್ಲದೆ ತೋಟದಲ್ಲಿ ಕಲಿತ ಹುಡುಗನಿಗೆ ಗೇಟು ಬಹಳ ದಿನ ಗಡಿಯಾಗಿ ಉಳಿಯುವುದಿಲ್ಲ. ಇಂದು ಗೇಟಿನ ತನಕ, ನಾಳೆ ಅಂಗಡಿಯ ತನಕ, ನಾಡಿದ್ದು ಹೆದ್ದಾರಿಯ ತನಕ.

ಗೇಟಿನ ಹೊರಗೆ ಕಾನೂನು ಕಾದಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸಲು 18 ವರ್ಷ ತುಂಬಿರಬೇಕು. 50 ಸಿಸಿ ಮೀರದ ಮೋಟಾರ್ ಸೈಕಲಿಗೆ ಮಾತ್ರ 16 ವರ್ಷ, ಅದೂ ಲೈಸೆನ್ಸ್ ಇದ್ದರೆ. 2019ರ ತಿದ್ದುಪಡಿಯ ನಂತರ ಮಗು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು: 3 ವರ್ಷಗಳ ತನಕ ಸೆರೆ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಸಿಗುವುದಿಲ್ಲ. ಸಣ್ಣ ಬ್ಯಾಟರಿ ಗಾಡಿಗಳಲ್ಲಿ ಮೋಟಾರಿನ ಶಕ್ತಿ 250 ವಾಟಿಗಿಂತ, ವೇಗ 25 ಕಿ.ಮೀ.ಗಿಂತ ಕಡಿಮೆಯಿದ್ದರೆ ನೋಂದಣಿಯಿಂದ ವಿನಾಯಿತಿ ಇದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ. ಆದರೆ ಲೈಸೆನ್ಸ್ ಬೇಡ ಎಂದರೆ ಒಂಬತ್ತು ವರ್ಷದ ಮಗುವಿಗೆ ಆಗುತ್ತದೆ ಎಂದು ಅರ್ಥವಲ್ಲ.

ಆದುದರಿಂದ ಮೊದಲ ಗಾಡಿ ಸೈಕಲೇ ಆಗಲಿ. ಇನ್ನು ಅದನ್ನು ಆರಿಸುವ ಬಗೆ ನೋಡೋಣ. ಇಲ್ಲಿಯೂ ನಾವು ಒಂದು ಹಳೆಯ ತಪ್ಪು ಮಾಡುತ್ತೇವೆ.

3. "ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ"

ಅಂಗಿ ಹೊಲಿಸುವಾಗ ಈ ಮಾತು ಸರಿ, ಸೈಕಲಿಗೆ ಸರಿಯಲ್ಲ. ನಮ್ಮಲ್ಲಿ ಹಲವರು ಅಪ್ಪನ ದೊಡ್ಡ ಸೈಕಲಿನ ತ್ರಿಕೋನದೊಳಗೆ ಒಂದು ಕಾಲು ತೂರಿಸಿ, ಒಳಪೆಡಲ್ ತುಳಿದು ಕಲಿತವರು. "ನಾವು ಸಾಯಲಿಲ್ಲವಲ್ಲ" ಎನ್ನುತ್ತೇವೆ. ಮೊಣಕಾಲಿನ ಕಲೆಗಳನ್ನು ಮರೆತಿದ್ದೇವೆ. ಅಂದು ಆ ರಸ್ತೆಯಲ್ಲಿ ದಿನಕ್ಕೆ ನಾಲ್ಕು ಬಸ್ಸು ಮಾತ್ರ ಇತ್ತೆಂಬುದನ್ನೂ ಮರೆತಿದ್ದೇವೆ. ಕಾಲು ನೆಲಕ್ಕೆ ತಾಗದ ಸೈಕಲಿನಲ್ಲಿ ಮಗುವಿಗೆ ನಿಲ್ಲಲು ಇರುವ ಒಂದೇ ಉಪಾಯ ಬೀಳುವುದು.

ಅಳತೆ ತೆಗೆಯುವ ಕ್ರಮ ಸುಲಭ. ಮಗುವನ್ನು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ. ಎರಡು ಕಾಲುಗಳ ನಡುವೆ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಅಡ್ಡವಾಗಿ ಇಟ್ಟು, ಮೇಲಕ್ಕೆ ತಾಗುವ ತನಕ ಸರಿಸಿ. ಪುಸ್ತಕದ ಮೇಲಂಚಿಗೆ ಗೋಡೆಯಲ್ಲಿ ಪೆನ್ಸಿಲಿನ ಗುರುತು ಹಾಕಿ. ನೆಲದಿಂದ ಗುರುತಿನ ತನಕ ಇರುವುದೇ ಒಳಗಾಲಿನ ಅಳತೆ. ಅದಕ್ಕೆ ಹೊಂದುವ ಚಕ್ರದ ಗಾತ್ರ ಸುಮಾರು ಹೀಗೆ:

35ರಿಂದ 42 ಸೆಂ.ಮೀ. ಇದ್ದರೆ 12 ಇಂಚು.
40ರಿಂದ 48 ಸೆಂ.ಮೀ. ಇದ್ದರೆ 14 ಇಂಚು.
45ರಿಂದ 53 ಸೆಂ.ಮೀ. ಇದ್ದರೆ 16 ಇಂಚು.
53ರಿಂದ 62 ಸೆಂ.ಮೀ. ಇದ್ದರೆ 20 ಇಂಚು.
62ರಿಂದ 72 ಸೆಂ.ಮೀ. ಇದ್ದರೆ 24 ಇಂಚು.

ಇದು ದಾರಿ ತೋರಿಸುವ ಲೆಕ್ಕ ಮಾತ್ರ. ಒಂದೇ ಚಕ್ರದ ಗಾತ್ರವಿದ್ದರೂ ಫ್ರೇಮಿನ ಎತ್ತರ ಕಂಪನಿಯಿಂದ ಕಂಪನಿಗೆ ಬೇರೆ. ಆದುದರಿಂದ ಉಡುಗೊರೆಯ ಗುಟ್ಟು ಬಯಲಾದರೂ ಚಿಂತಿಲ್ಲ, ಮಗುವನ್ನೇ ಅಂಗಡಿಗೆ ಕರೆದುಕೊಂಡು ಹೋಗಿ.

4. ಅಂಗಡಿಯಲ್ಲಿ ಆರು ಪರೀಕ್ಷೆ

ಮೊದಲನೆಯದು, ಕೂರುವ ಪರೀಕ್ಷೆ. ಸೀಟನ್ನು ತಗ್ಗಿಸಿದಾಗ ಮಗುವಿನ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ಚೆನ್ನಾಗಿ ಕಲಿತ ಮೇಲೆ ಸೀಟನ್ನು ಸ್ವಲ್ಪ ಏರಿಸಬಹುದು. ಆದರೆ ಸೀಟಿನ ಕಂಬದಲ್ಲಿ ಹಾಕಿರುವ ಮಿತಿಯ ಗೆರೆ ಹೊರಗೆ ಕಾಣಬಾರದು.

ಎರಡನೆಯದು, ನಿಲ್ಲುವ ಪರೀಕ್ಷೆ. ಸೀಟಿನಿಂದ ಮುಂದೆ ಇಳಿದು ಮಗು ನಿಂತಾಗ ಫ್ರೇಮಿನ ಮೇಲಿನ ಕೊಳವೆಗೂ ಮೈಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು.

ಮೂರನೆಯದು, ಎತ್ತುವ ಪರೀಕ್ಷೆ. ಸೈಕಲನ್ನು ನೆಲದಲ್ಲಿ ಮಲಗಿಸಿ, ಮಗು ಒಬ್ಬನೇ ಎತ್ತಿ ನಿಲ್ಲಿಸಲಿ. ಆಗದಿದ್ದರೆ ಆ ಸೈಕಲ್ ಭಾರ ಹೆಚ್ಚು. ಮೊದಲ ಸೈಕಲಿಗೆ ಗೇರ್ ಬೇಡ, ಸ್ಪ್ರಿಂಗಿನ ಸಸ್ಪೆನ್ಶನ್ ಬೇಡ, ದಪ್ಪ ಟಯರಿನ ಆಡಂಬರ ಬೇಡ. ಅವೆಲ್ಲ ಅಂದಕ್ಕಿಂತ ಭಾರವನ್ನೇ ಹೆಚ್ಚು ಕೊಡುತ್ತವೆ.

ನಾಲ್ಕನೆಯದು, ಬ್ರೇಕಿನ ಪರೀಕ್ಷೆ. ಮಗುವಿನ ಬೆರಳು ಬ್ರೇಕಿನ ಹಿಡಿಯನ್ನು ಮುಟ್ಟಬೇಕು, ಅದರ ಬಲಕ್ಕೆ ಚಕ್ರ ನಿಲ್ಲಬೇಕು. ದೊಡ್ಡವರು ಒತ್ತಿ ನೋಡಿ "ಸರಿ ಉಂಟು" ಎಂದರೆ ಸಾಲದು. ಹಿಡಿ ದೂರವಾದರೆ ಅದನ್ನು ಹತ್ತಿರ ತರುವ ಸ್ಕ್ರೂ ಇದೆಯೇ ಎಂದು ಕೇಳಿ.

ಐದನೆಯದು, ಹ್ಯಾಂಡಲಿನ ತುದಿ. ತುದಿಯಲ್ಲಿ ರಬ್ಬರಿನ ದಪ್ಪ ಹಿಡಿಕೆ ಇರಬೇಕು, ಕೊಳವೆಯ ಬಾಯಿ ಮುಚ್ಚಿರಬೇಕು. ಹಳೆಯ ಸೈಕಲುಗಳಲ್ಲಿ ಹಿಡಿಕೆ ಸವೆದು ಕಬ್ಬಿಣದ ಕೊಳವೆ ಹೊರಗೆ ಬಂದಿರುತ್ತದೆ. ಬೀಳುವಾಗ ಅದು ಹೊಟ್ಟೆಗೆ ಚುಚ್ಚಿದರೆ ಪಿತ್ತಜನಕಾಂಗ, ಗುಲ್ಮ, ಮೇದೋಜೀರಕಾಂಗಗಳಿಗೆ ಪೆಟ್ಟಾಗಬಹುದು.

ಆರನೆಯದು, ಚೈನು ಮತ್ತು ಚಕ್ರ. ಚೈನಿಗೆ ಪೂರ್ತಿ ಮುಚ್ಚುವ ಕವರ್ ಇರಲಿ. ಲಂಗ, ಚೂಡಿದಾರ್ ಹಾಕುವ ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. ಅಂದಹಾಗೆ, ಸೈಕಲ್ ಮೊಮ್ಮಗನಿಗೆ ಮಾತ್ರ ಎಂದು ಯಾರೂ ಬರೆದಿಟ್ಟಿಲ್ಲ. ಮೊಮ್ಮಗಳ ಕಾಲಿನ ಅಳತೆಯನ್ನೂ ತೆಗೆಯಿರಿ. 5ರಿಂದ 17 ವರ್ಷದ ಎಲ್ಲ ಮಕ್ಕಳಿಗೂ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಂಡು ಹೆಣ್ಣೆಂಬ ಭೇದ ಅದರಲ್ಲಿಲ್ಲ.

ಅಣ್ಣನ ಹಳೆಯ ಸೈಕಲ್ ಇದ್ದರೆ ಹೊಸದು ಬೇಕೆಂದಿಲ್ಲ. ಫ್ರೇಮಿನ ಬೆಸುಗೆಯಲ್ಲಿ ಬಿರುಕು, ಮುಂದಿನ ಫೋರ್ಕಿನಲ್ಲಿ ಬಾಗು, ಚಕ್ರದಲ್ಲಿ ಓಲಾಟ ಇದೆಯೇ ನೋಡಿ. ಬ್ರೇಕಿನ ರಬ್ಬರ್, ಕೇಬಲ್, ಹಿಡಿಕೆ ಮತ್ತು ಟಯರ್ ಹೊಸದು ಹಾಕಿಸಿ.

5. ಹೆಲ್ಮೆಟ್

ಸೈಕಲಿನ ಜತೆಗೇ ಹೆಲ್ಮೆಟ್ ಕೊಳ್ಳಿ, "ಮುಂದೆ ನೋಡೋಣ" ಬೇಡ. ಹುಬ್ಬಿನಿಂದ ಎರಡು ಬೆರಳು ಮೇಲೆ ತಲೆಯ ಸುತ್ತಳತೆ ತೆಗೆದು ಅದಕ್ಕೆ ತಕ್ಕದ್ದನ್ನು ಆರಿಸಿ. ಹೆಲ್ಮೆಟ್ ಹಣೆಯನ್ನು ಮುಚ್ಚಬೇಕು, ಹಿಂದಕ್ಕೆ ಸರಿದಿರಬಾರದು. ಪಟ್ಟಿ ಹಾಕಿದ ಮೇಲೆ ಗಲ್ಲದ ಕೆಳಗೆ ಒಂದು ಬೆರಳು ಮಾತ್ರ ಹೋಗಬೇಕು. ಒಮ್ಮೆ ಜೋರಾದ ಪೆಟ್ಟು ಬಿದ್ದ ಹೆಲ್ಮೆಟ್ ಹೊರಗೆ ಸರಿಯಾಗಿ ಕಂಡರೂ ಅದನ್ನು ಬದಲಿಸಬೇಕು. ಅಪ್ಪನ ಬೈಕಿನ ಹಿಂದೆ ಕೂರುವ 4 ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯವೆಂದು ಕಾನೂನೇ ಹೇಳುತ್ತದೆ. ಪೂಜೆಗೆ ಬರುವಾಗಲೂ ಈ ನಿಯಮಕ್ಕೆ ರಜೆ ಇಲ್ಲ.

6. ಕಲಿಸುವ ಕಾಲ, ಸ್ಥಳ, ಕ್ರಮ

ಮಳೆಗಾಲದಲ್ಲಿ ನಮ್ಮ ಅಂಗಳ, ದಾರಿ ಎಲ್ಲ ಪಾಚಿ ಹಿಡಿದು ಜಾರುತ್ತವೆ. ಮಳೆ ಪೂರ್ತಿ ಬಿಟ್ಟ ಮೇಲೆ ಕಲಿಸಿ. ಆದರೆ ಆ ತಿಂಗಳುಗಳಲ್ಲಿ ಅಂಗಳದ ತುಂಬ ಅಡಿಕೆ ಇರುತ್ತದೆ. ಚಕ್ರದಡಿಗೆ ಒಂದು ಉಂಡೆ ಅಡಿಕೆ ಸಿಕ್ಕಿದರೂ ಸೈಕಲ್ ಮಗುಚುತ್ತದೆ. ಆಗ ಶಾಲೆಯ ಅಥವಾ ಚರ್ಚಿನ ಮೈದಾನಕ್ಕೆ ಕರೆದೊಯ್ಯಿರಿ.

ಮೊದಲು ಎರಡೂ ಪೆಡಲುಗಳನ್ನು ಬಿಚ್ಚಿಸಿ. ಬಿಚ್ಚುವಾಗ ಒಂದು ಮಾತು ನೆನಪಿರಲಿ: ಎಡ ಪೆಡಲಿನ ಮರೆ ಉಲ್ಟಾ ತಿರುಗುತ್ತದೆ. ಸೀಟು ತಗ್ಗಿಸಿ, ಮಗು ಕಾಲಿನಿಂದ ನೆಲವನ್ನು ತಳ್ಳುತ್ತಾ ಹೋಗಲಿ. ಕೆಲವು ದಿನಗಳಲ್ಲಿ ಎರಡೂ ಕಾಲೆತ್ತಿ ನಾಲ್ಕೈದು ಮೀಟರ್ ಜಾರುತ್ತದೆ. ತೂಕ ಹಿಡಿಯುವುದು ಬಂತು ಎಂದು ಅರ್ಥ. ಬಳಿಕ ಬ್ರೇಕ್ ಒತ್ತಿ ನಿಲ್ಲುವುದನ್ನು ಕಲಿಸಿ. ಕೊನೆಗೆ ಪೆಡಲ್ ಹಾಕಿ. ಎರಡು ಬದಿಯ ಸಣ್ಣ ಚಕ್ರ ಹಾಕಿದರೆ ಮಗು ತುಳಿಯಲು ಕಲಿಯುತ್ತದೆ, ತೂಕ ಹಿಡಿಯಲು ಕಲಿಯುವುದಿಲ್ಲ. ನೀವು ಹಿಂದಿನಿಂದ ಹ್ಯಾಂಡಲನ್ನು ಹಿಡಿಯಬೇಡಿ. ಮಗುವಿನ ಭುಜಕ್ಕೆ ಅಥವಾ ಬೆನ್ನಿಗೆ ಕೈ ತಾಗಿಸಿ ನಡೆಯಿರಿ.

ಮಗು ಹೋಗಬಹುದಾದ ಗಡಿಯನ್ನು ಮೊದಲ ದಿನವೇ ಕಾಲ್ನಡಿಗೆಯಲ್ಲಿ ತೋರಿಸಿ. ಬಾವಿಗೆ ಕಟ್ಟೆ ಇಲ್ಲದಿದ್ದರೆ ಸೈಕಲ್ ಬರುವ ಮೊದಲೇ ಕಟ್ಟೆ ಕಟ್ಟಿಸಿ.

7. ಬಿದ್ದರೆ ಏನು ಮಾಡಬೇಕು?

ಬೀಳದೆ ಕಲಿತವರಿಲ್ಲ. ಹೆಚ್ಚಿನ ಗಾಯ ತರಚು ಗಾಯವೇ. ಹರಿಯುವ ನೀರು, ಸೋಪಿನಿಂದ ಮಣ್ಣು ಹೋಗುವ ತನಕ ತೊಳೆದು ಶುದ್ಧ ಬಟ್ಟೆ ಕಟ್ಟಿ. ಕಾಫಿ ಪುಡಿ, ಸುಣ್ಣ, ಸೆಗಣಿ ಹಚ್ಚಬೇಡಿ. ಹಟ್ಟಿ ಇರುವ ಮನೆಯಲ್ಲಿ ಧನುರ್ವಾಯುವಿನ ಭಯ ಇದ್ದೇ ಇದೆ. ಸರಕಾರದ ಲಸಿಕೆ ಪಟ್ಟಿಯಲ್ಲಿ 5ರಿಂದ 6 ವರ್ಷಕ್ಕೆ ಡಿಪಿಟಿ ಬೂಸ್ಟರ್, 10 ಮತ್ತು 16 ವರ್ಷಕ್ಕೆ ಟಿಡಿ ಲಸಿಕೆ ಇದೆ. ಮಗುವಿನ ಕಾರ್ಡನ್ನು ಇಂದೇ ತೆಗೆದು ನೋಡಿ.

ಮೂರು ಪೆಟ್ಟುಗಳನ್ನು ಹಗುರವಾಗಿ ಕಾಣಬಾರದು.

ತಲೆಗೆ ಪೆಟ್ಟು: ಪದೇ ಪದೇ ವಾಂತಿ, ಎಬ್ಬಿಸಲಾಗದ ನಿದ್ದೆ, ಅಸಂಬದ್ಧ ಮಾತು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ನೀರು ಇಲ್ಲವೆ ರಕ್ತ, ಕಣ್ಣಿನ ಪಾಪೆಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದು. ಇದರಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಏನೂ ಕಾಣದಿದ್ದರೂ ಎರಡು ದಿನ ಮಗುವಿನ ಮೇಲೆ ಕಣ್ಣಿರಲಿ.

ಹೊಟ್ಟೆಗೆ ಹ್ಯಾಂಡಲಿನ ಪೆಟ್ಟು: ಹೊರಗೆ ನಾಣ್ಯದಷ್ಟು ದುಂಡಗಿನ ಗುರುತು ಮಾತ್ರ ಇರಬಹುದು. ಮಗು ಎದ್ದು ಆಡಲೂಬಹುದು. ಗಂಟೆಗಳ ಬಳಿಕ, ಕೆಲವೊಮ್ಮೆ ಮರುದಿನ, ಹೊಟ್ಟೆನೋವು, ವಾಂತಿ, ಬಿಳಿಚಿಕೊಳ್ಳುವುದು ಶುರುವಾಗುತ್ತದೆ. ವೈದ್ಯರಿಗೆ "ಹ್ಯಾಂಡಲ್ ಚುಚ್ಚಿದೆ" ಎಂದು ಸ್ಪಷ್ಟವಾಗಿ ಹೇಳಿ. ಬೈಯುತ್ತಾರೆಂದು ಮಗು ಬಿದ್ದದ್ದನ್ನೇ ಮುಚ್ಚಿಡಬಹುದು. ಆದ್ದರಿಂದ ಬಿದ್ದದ್ದಕ್ಕೆ ಬೈಯುವುದಿಲ್ಲವೆಂದು ಮೊದಲೇ ಮಾತು ಕೊಡಿ.

ಕಡ್ಡಿಗೆ ಕಾಲು ಸಿಕ್ಕುವುದು: ಕ್ಯಾರಿಯರಿನಲ್ಲಿ ಕೂತ ಪುಟ್ಟ ಮಗುವಿನ ಹಿಮ್ಮಡಿ ಹಿಂದಿನ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಬೀಳುತ್ತದೆ. ಕಾಲನ್ನು ಬಲವಾಗಿ ಎಳೆಯಬೇಡಿ. ಕಡ್ಡಿ ಕತ್ತರಿಸಿ ಬಿಡಿಸಿ. ಗಾಯ ಸಣ್ಣದೆಂದು ಕಂಡರೂ ಒಳಗೆ ಜಜ್ಜಿದ ಚರ್ಮ ಕೆಲವು ದಿನಗಳಲ್ಲಿ ಕಪ್ಪಾಗಿ ಕಳಚುತ್ತದೆ, ಎಲುಬು ಬಿರಿದಿರಲೂಬಹುದು. ಅಂದೇ ವೈದ್ಯರಿಗೆ ತೋರಿಸಿ. ತಡೆಯುವ ಉಪಾಯ ಸುಲಭ: ಕಲಿಯುವ ಮಗುವಿನ ಸೈಕಲಿಗೆ ಕ್ಯಾರಿಯರನ್ನೇ ಹಾಕಿಸಬೇಡಿ.

8. ಗಾಡಿಯ ಆರೈಕೆ

ಸೈಕಲನ್ನು ಮೈಲುತುತ್ತು, ಸುಣ್ಣ, ಔಷಧಿ ಪಂಪು ಇಡುವ ಕೊಟ್ಟಿಗೆಯಲ್ಲಿ ಇಡಬೇಡಿ. ಮೈಲುತುತ್ತಿನ ನೀರು ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕಿಂತ ಮುಖ್ಯವಾಗಿ, ಸೈಕಲ್ ಇರುವಲ್ಲಿಗೆ ಮಗು ದಿನವೂ ಹೋಗುತ್ತದೆ. ಚೈನಿಗೆ ತೆಂಗಿನೆಣ್ಣೆ ಬೇಡ, ಅದು ಧೂಳಿನೊಂದಿಗೆ ಸೇರಿ ಅಂಟಾಗುತ್ತದೆ. ಒರಸಿ, ಹೊಲಿಗೆ ಯಂತ್ರದ ಎಣ್ಣೆಯಂತಹ ತೆಳು ಎಣ್ಣೆಯನ್ನು ನಾಲ್ಕು ಹನಿ ಬಿಡಿ. ಗಾಳಿ, ಬ್ರೇಕ್, ಬೋಲ್ಟು: ಈ ಮೂರನ್ನು ಪ್ರತಿ ಶನಿವಾರ ಮಗುವಿನ ಕೈಯಿಂದಲೇ ನೋಡಿಸಿ. ತನ್ನ ವಸ್ತುವನ್ನು ತಾನೇ ನೋಡಿಕೊಳ್ಳುವ ಕೃಷಿಕನ ಗುಣ ಅಲ್ಲಿಂದಲೇ ಮೊಳೆಯುತ್ತದೆ.

ಕೊನೆಯ ಮಾತು

ಪೋಪ್ ಫ್ರಾನ್ಸಿಸರು 2021ರಲ್ಲಿ ಅಜ್ಜ ಅಜ್ಜಿಯರ ಮತ್ತು ವೃದ್ಧರ ವಿಶ್ವ ದಿನವನ್ನು ಆರಂಭಿಸಿದರು. ಯೇಸುವಿನ ಅಜ್ಜ ಅಜ್ಜಿಯರಾದ ಸಂತ ಜೋಕಿಂ ಮತ್ತು ಸಂತ ಅನ್ನಾ ಅವರ ಹಬ್ಬ ಜುಲೈ 26ಕ್ಕೆ ಸಮೀಪವಾಗಿ, ಜುಲೈ ತಿಂಗಳ ನಾಲ್ಕನೆಯ ಭಾನುವಾರ ಅದನ್ನು ಆಚರಿಸಲಾಗುತ್ತದೆ. ಅಪ್ಪ ಅಮ್ಮಂದಿರು ದೂರದೇಶದಲ್ಲಿ ದುಡಿಯುವ ಮನೆಗಳಲ್ಲಿ ಅಜ್ಜ ಅಜ್ಜಿಯರೇ ಕೈಹಿಡಿದು ನಡೆಸುವವರು ಎಂದು ನಾವೆಲ್ಲ ಬಲ್ಲೆವು.

ಆ ಹಿರಿಯರನ್ನು ಮುಂದಿನ ಭಾನುವಾರ ಮತ್ತೆ ಭೇಟಿಯಾದೆ. ಇಷ್ಟನ್ನೂ ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ಹಾಗಾದರೆ ಈ ಪ್ರಾಯದಲ್ಲಿ ನಾನು ಸಂಜೆ ಹೊತ್ತು ಅವನ ಹಿಂದೆ ಓಡಬೇಕು, ಅಷ್ಟೇ ಅಲ್ಲವಾ?" ಎಂದರು.

"ಓಡುವುದು ಬೇಡ. ಪೆಡಲ್ ಬಿಚ್ಚಿದ ಸೈಕಲಿನ ಜತೆ ನಡೆದರೆ ಸಾಕು" ಎಂದೆ.

"ನಡೆಯಲಿಕ್ಕೆ ಡಾಕ್ಟರರೂ ಹೇಳಿದ್ದಾರೆ" ಎಂದು ನಕ್ಕು, ಕಿಸೆಯಿಂದ ಒಂದು ಚೀಟಿ ತೆಗೆದು ತೋರಿಸಿದರು. ಅದರಲ್ಲಿ ಮೊಮ್ಮಗನ ಒಳಗಾಲಿನ ಅಳತೆ ಬರೆದಿತ್ತು: 57 ಸೆಂ.ಮೀ.

ಮನೆಯಲ್ಲಿ ಎಲ್ಲರೂ ಕೂತು ಮಾತಾಡಲು

1. ನಮ್ಮ ಅಂಗಳ ಮತ್ತು ತೋಟದಲ್ಲಿ ಮಗುವಿಗೆ ಅಪಾಯವಾದ ಐದು ಸ್ಥಳಗಳು ಯಾವುವು? ಈ ತಿಂಗಳು ಯಾವುದನ್ನು ಸರಿಪಡಿಸುವೆವು?
2. ನಮ್ಮ ಮನೆಯಲ್ಲಿ 18 ತುಂಬದವರ ಕೈಗೆ ಬೈಕಿನ ಕೀ ಸಿಗುತ್ತದೆಯೇ? ಅದನ್ನು ಎಲ್ಲಿ ಇಡಬೇಕು?
3. ಮಕ್ಕಳು ಬಿದ್ದರೆ ಹೆದರದೆ ಯಾರ ಹತ್ತಿರ ಬಂದು ಹೇಳುತ್ತಾರೆ?